ಅಪ್ಪನ ಹೆಸರಿನ ಮುಂದೆ ‘ಆಸ್ತಿಕ’ ಎಂದು ಬರೆಯಬಹುದಾ?

ಪ್ರಶ್ನೆ: ಸರ್, ಶರಣು ಶರಣಾರ್ಥಿ. ನಮ್ಮದು ಆಳಂದ ತಾಲೂಕಿನ ಒಂದು ಹಳ್ಳಿ. ನಮ್ಮ ಅಪ್ಪ ಹೋದ ವರ್ಷ ಲಿಂಗೈಕ್ಯರಾದರು. ಬರುವ ತಿಂಗಳು ಮೊದಲ ಪುಣ್ಯಸ್ಮರಣೆ. ಅದರ ಆಮಂತ್ರಣ ಪತ್ರಿಕೆಯಲ್ಲಿ ಅವರ ಬಗ್ಗೆ ನಾಲ್ಕು ಸಾಲು ಬರೆಯುವ ಕೆಲಸ ನನಗೆ ಬಂತು. ‘ಪರಮ ಆಸ್ತಿಕರೂ ಕಷ್ಟಜೀವಿಯೂ ಆಗಿದ್ದ’ ಎಂದು ಬರೆದೆ. ಅಷ್ಟಕ್ಕೇ ಮನೆಯಲ್ಲಿ ಮಾತು ಬೆಳೆಯಿತು. ಅಣ್ಣ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ‘ಆಸ್ತಿಕ ಅಂದರೆ ವೇದ ಒಪ್ಪುವವನು. ನಾವು ಬಸವಣ್ಣನ ದಾರಿಯವರು, ಆ ಪದ ನಮಗೆ ಬೇಡ’ ಅನ್ನುತ್ತಾನೆ. ಕಾಕಾ ‘ಆಸ್ತಿಕ ಅಂದ್ರ ಆಸ್ತಿ ಇದ್ದವ. ಮೂರು ಎಕರೆ ತೊಗರಿ ಹೊಲದಾಗ ಜೀವ ಸವೆಸಿದವನಿಗೆ ಅದ್ಯಾಕ’ ಅಂತಾರೆ. ನನ್ನ ಮಗಳು ಕಲಬುರಗಿಯಲ್ಲಿ ಡಿಗ್ರಿ ಓದುತ್ತಿದ್ದಾಳೆ. ‘ಮುತ್ಯಾ ಗುಡಿಗೆ ಹೋಗಿದ್ದನ್ನು ನಾನು ಒಂದು ದಿನವೂ ನೋಡಿಲ್ಲ. ಅವರೂ ನನ್ನ ಹಾಗೆ ನಾಸ್ತಿಕರೇ’ ಅಂದಳು. ಅದನ್ನು ಕೇಳಿ ಅವ್ವ ಅತ್ತುಬಿಟ್ಟಳು. ಅಪ್ಪ ದಿನಾ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡುತ್ತಿದ್ದರು. ಗುಡಿಗೆ ಹೋಗುತ್ತಿರಲಿಲ್ಲ, ಅದು ನಿಜ. ಮಳೆ ಕೈಕೊಟ್ಟರೂ, ತೊಗರಿಗೆ ಹುಳ ಬಿದ್ದರೂ ಅವರದು ಒಂದೇ ಮಾತು: ‘ಶಿವ ಅದಾನ.’ ಈಗ ಆ ಪದ ಇಡಲೇ, ಬಿಡಲೇ?

ಉತ್ತರ: ಶರಣು ತಂಗಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿರುವುದು ಒಂದು ಪದದ ಅರ್ಥ. ಆದರೆ ನಿಮ್ಮನ್ನು ಕಾಡುತ್ತಿರುವುದು ಬೇರೆ ಅನ್ನಿಸಿತು. ಊರೆಲ್ಲ ಓದುವ ಪತ್ರಿಕೆಯಲ್ಲಿ ಅಪ್ಪನ ಬಗ್ಗೆ ಸುಳ್ಳು ಬರೆದಂತಾಗಬಾರದು, ಅಲ್ವಾ? ಮೊದಲು ಆ ಭಯ ಬಿಡಿ. ನೀವು ಬರೆದದ್ದು ಸುಳ್ಳಲ್ಲ. ಇವತ್ತಿನ ಕನ್ನಡದಲ್ಲಿ ‘ಆಸ್ತಿಕ’ ಎಂದರೆ ದೇವರಿದ್ದಾನೆ ಎಂದು ನಂಬುವವನು. ನಿಮ್ಮ ಅಪ್ಪ ಹಾಗೆ ನಂಬಿದ್ದರು. ಪದ ತಪ್ಪಲ್ಲ.

ಆದರೂ ನಿಮ್ಮ ಅಣ್ಣ, ಕಾಕಾ, ಮಗಳು ಮೂವರೂ ಸುಮ್ನೆ ಮಾತಾಡಿಲ್ಲ. ಒಬ್ಬೊಬ್ಬರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಅದನ್ನು ಬಿಡಿಸಿ ನೋಡಿದರೆ ಏನು ಬರೆಯಬೇಕು ಎಂಬುದು ನಿಮಗೇ ಹೊಳೆಯುತ್ತದೆ.

ಪದದ ಬೇರಿನಿಂದ ಶುರು ಮಾಡೋಣ. ಸಂಸ್ಕೃತದಲ್ಲಿ ‘ಅಸ್ತಿ’ ಎಂದರೆ ‘ಇದೆ’, ‘ಇದ್ದಾನೆ’. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಅದ’, ‘ಅದಾನ’. ‘ನ ಅಸ್ತಿ’ ಸೇರಿ ‘ನಾಸ್ತಿ’, ಅಂದರೆ ‘ಇಲ್ಲ’. ‘ಇದೆ’ ಎನ್ನುವವನು ಆಸ್ತಿಕ, ‘ಇಲ್ಲ’ ಎನ್ನುವವನು ನಾಸ್ತಿಕ. ಈ ಪದಗಳು ಹೇಗೆ ಹುಟ್ಟುತ್ತವೆ ಎಂದು ಪಾಣಿನಿ ತನ್ನ ವ್ಯಾಕರಣದಲ್ಲಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ: ‘ಅಸ್ತಿನಾಸ್ತಿದಿಷ್ಟಂ ಮತಿಃ’. ನಾಲ್ಕನೇ ಅಧ್ಯಾಯ, ನಾಲ್ಕನೇ ಪಾದ, 60ನೇ ಸೂತ್ರ. ಅಲ್ಲಿ ಎರಡಲ್ಲ, ಮೂರು ಪದಗಳು ಹುಟ್ಟುತ್ತವೆ. ಆಸ್ತಿಕ, ನಾಸ್ತಿಕ, ದೈಷ್ಟಿಕ. ದಿಷ್ಟ ಎಂದರೆ ವಿಧಿ ಎಂದು ಹಿಡಿದರೆ, ದೈಷ್ಟಿಕ ಎಂದರೆ ‘ಎಲ್ಲಾ ನಸೀಬದಾಗ ಇದ್ದಷ್ಟ’ ಎನ್ನುವವನು. ಈ ಮೂರನೆಯ ಪದ ಕನ್ನಡದಲ್ಲಿ ಉಳಿಯಲಿಲ್ಲ. ಆದರೆ ಅಂಥ ಜನ ಮಾತ್ರ ಊರಿಗೆ ನಾಲ್ಕು ಮಂದಿ ಇದ್ದಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ‘ಇದೆ’ ಎಂದಷ್ಟೇ ಸೂತ್ರ ಹೇಳುತ್ತದೆ. ಏನು ಇದೆ? ಹಳೆಯ ವ್ಯಾಖ್ಯಾನಕಾರರು ಇದಕ್ಕೆ ‘ಪರಲೋಕ ಇದೆ’ ಎಂದು ಅರ್ಥ ಹೇಳಿದರು. ದೇವರು ಎನ್ನಲಿಲ್ಲ. ಸತ್ತ ಮೇಲೂ ಒಂದು ಲೋಕ ಇದೆ, ಮಾಡಿದ್ದಕ್ಕೆ ಫಲ ಇದೆ ಎಂದು ಒಪ್ಪುವವನು ಅವರಿಗೆ ಆಸ್ತಿಕ. ದೇವರ ಮಾತು ಈ ಪದದೊಳಗೆ ಬಂದದ್ದು ಆಮೇಲೆ.

ಈಗ ನಿಮ್ಮ ಅಣ್ಣನ ಮಾತಿಗೆ ಬರೋಣ. ಅವರು ಹೇಳುವ ಅರ್ಥವೂ ನಿಜವಾಗಿ ಇದೆ. ಮನುಸ್ಮೃತಿಯಲ್ಲಿ ‘ನಾಸ್ತಿಕೋ ವೇದನಿಂದಕಃ’ ಎಂಬ ಮಾತಿದೆ. ವೇದವನ್ನು ನಿಂದಿಸುವವನೇ ನಾಸ್ತಿಕ. ತತ್ವಶಾಸ್ತ್ರದ ಪಾಠದಲ್ಲಿ ಇವತ್ತಿಗೂ ಇದೇ ವಿಂಗಡಣೆ ನಡೆಯುತ್ತದೆ. ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಮೀಮಾಂಸೆ, ವೇದಾಂತ ಇವು ಆಸ್ತಿಕ ದರ್ಶನಗಳು. ಪರಲೋಕವೇ ಇಲ್ಲ ಎನ್ನುವ ಚಾರ್ವಾಕ, ಜೊತೆಗೆ ಬೌದ್ಧ, ಜೈನ ಇವು ನಾಸ್ತಿಕ ದರ್ಶನಗಳು. ಇದನ್ನು ಓದಿದವರಿಗೆ ಮೊದಲು ಗೊಂದಲ ಆಗುವುದು ಇಲ್ಲೇ. ಹಳೆಯ ಸಾಂಖ್ಯದಲ್ಲಿ ಜಗತ್ತನ್ನು ಸೃಷ್ಟಿಸುವ ದೇವರಿಲ್ಲ. ಮೀಮಾಂಸೆಗೂ ಅಂಥ ದೇವರು ಬೇಕಿಲ್ಲ, ಯಜ್ಞ ಮತ್ತು ವೇದದ ಮಾತು ಇದ್ದರೆ ಸಾಕು. ಆದರೂ ಅವೆರಡೂ ಆಸ್ತಿಕ! ಯಾಕೆಂದರೆ ಅಲ್ಲಿ ಅಳೆಯುತ್ತಿದ್ದದ್ದು ದೇವರನ್ನಲ್ಲ, ವೇದವನ್ನು.

ಜೈನರು ಇದನ್ನು ಒಪ್ಪಿ ಕೂತಿರಲಿಲ್ಲ. ಎಂಟನೇ ಶತಮಾನದ ಜೈನ ಪಂಡಿತ ಹರಿಭದ್ರ ತನ್ನ ‘ಷಡ್ದರ್ಶನ ಸಮುಚ್ಚಯ’ದಲ್ಲಿ ಜೈನ ಮತ್ತು ಬೌದ್ಧ ದರ್ಶನಗಳನ್ನೂ ಆಸ್ತಿಕರ ಸಾಲಿನಲ್ಲೇ ಇಟ್ಟ. ಚಾರ್ವಾಕರನ್ನು ಮಾತ್ರ ಹೊರಗೆ ಬಿಟ್ಟ. ಅಂದರೆ ಈ ಪದದ ಗೆರೆ ಎಲ್ಲಿ ಎಳೆಯಬೇಕು ಎಂಬ ಜಗಳ ನಿಮ್ಮ ಮನೆಯಲ್ಲಿ ಶುರುವಾದದ್ದಲ್ಲ. ಸಾವಿರ ವರ್ಷಕ್ಕಿಂತ ಜಾಸ್ತಿ ಹಳೆಯದು.

ವೇದದ ಗೆರೆಯನ್ನೇ ಕೊನೆಯ ಗೆರೆ ಎಂದು ಹಿಡಿದರೆ ಏನಾಗುತ್ತದೆ ನೋಡಿ. ‘ವೇದಕ್ಕೆ ಒರೆಯ ಕಟ್ಟುವೆ, ಶಾಸ್ತ್ರಕ್ಕೆ ನಿಗಳವನಿಕ್ಕುವೆ’ ಎಂದವರು ಬಸವಣ್ಣ. ವೇದವನ್ನು ಒರೆಯೊಳಗೆ ಹಾಕುತ್ತೇನೆ, ಶಾಸ್ತ್ರಕ್ಕೆ ಬೇಡಿ ತೊಡಿಸುತ್ತೇನೆ ಎಂದರು. ದೇವಲೋಕ, ಮರ್ತ್ಯಲೋಕ ಬೇರೆ ಬೇರೆ ಇಲ್ಲ, ಸತ್ಯ ನುಡಿಯುವುದೇ ದೇವಲೋಕ ಎಂದವರೂ ಅವರೇ. ಹಾಗಾದರೆ ಮನುವಿನ ಲೆಕ್ಕದಲ್ಲಿ ಬಸವಣ್ಣ ನಾಸ್ತಿಕ. ‘ಪರಲೋಕ’ದ ಲೆಕ್ಕದಲ್ಲೂ ಅವರನ್ನು ಆಸ್ತಿಕ ಎನ್ನುವುದು ಸುಲಭವಲ್ಲ. ಆದರೆ ಕಲ್ಯಾಣದಲ್ಲಿ ನಿಂತು ‘ಕೂಡಲಸಂಗಮದೇವಾ’ ಎಂದು ಕರೆದ ಆ ಮನುಷ್ಯನನ್ನು ಇವತ್ತು ಬೀದರಿನಿಂದ ಯಾದಗಿರಿಯವರೆಗೆ ಯಾರಾದರೂ ‘ದೇವರಿಲ್ಲ ಎಂದವನು’ ಎನ್ನುತ್ತಾರಾ? ಯಾರೂ ಅನ್ನುವುದಿಲ್ಲ. ಅನ್ನುವುದೂ ತಪ್ಪು.

ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿ ಕಂಡದ್ದು ಇದು. ಓದಿದವರು ಪದದ ಹಳೆಯ ಅರ್ಥ ಸಿಕ್ಕ ಕೂಡಲೇ ಅದೇ ‘ನಿಜವಾದ’ ಅರ್ಥ ಅಂದುಕೊಳ್ಳುತ್ತಾರೆ. ಹಳೆಯದು ಹಳೆಯದು, ಅಷ್ಟೇ. ಪದದ ಅರ್ಥ ಅದನ್ನು ಆಡುವ ಜನರ ನಾಲಿಗೆಯ ಮೇಲೆ ಇರುತ್ತದೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಸಾಕ್ಷಿ ಇದೆ. ಚಿತ್ತಾಪುರ ತಾಲೂಕಿನ ಸನ್ನತಿಗೆ ನೀವು ಹೋಗಿರಬಹುದು. ಭೀಮಾ ನದಿಯ ದಂಡೆಯ ಮೇಲೆ ಚಂದ್ರಲಾಂಬಾ ಗುಡಿ ಇದೆ. ಆ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ದೇವಿಯ ಮೂರ್ತಿ ಒಡೆಯಿತು. ಮೂರ್ತಿಗೆ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಅದರಲ್ಲಿ ಅವನ 12ನೇ ಬಂಡೆ ಶಾಸನದ ಭಾಗವೂ ಇದೆ. ನಿಮ್ಮ ಪಂಥವನ್ನೇ ಹೊಗಳಬೇಡಿ, ಬೇರೆಯವರ ಪಂಥವನ್ನು ಹಳಿಯಬೇಡಿ, ಮಾತಿಗೆ ಹಿಡಿತ ಇರಲಿ ಎಂದು ಹೇಳುವ ಶಾಸನ ಅದು. ಆ ‘ಪಂಥ’ಕ್ಕೆ ಅಶೋಕ ಬಳಸುವ ಪದ ‘ಪಾಸಂಡ’. ಎಲ್ಲಾ ಮತದವರಿಗೂ ಅದೇ ಪದ, ಗೌರವದಿಂದ. ಅದೇ ಪದ ಆಮೇಲೆ ‘ಪಾಷಂಡಿ’ ಆಗಿ ಧರ್ಮ ಕೆಟ್ಟವನಾಯಿತು. ‘ಪಾಖಂಡಿ’ ಆಗಿ ಮೋಸಗಾರನಾಯಿತು. ಈಗ ನಾನು ಯಾರನ್ನಾದರೂ ಪಾಷಂಡಿ ಎಂದು ಕರೆದು, ‘ಅಶೋಕನ ಕಾಲದಲ್ಲಿ ಇದು ಒಳ್ಳೆಯ ಪದವಾಗಿತ್ತು’ ಎಂದರೆ ಅವರು ಸುಮ್ಮನಿರುತ್ತಾರಾ?

ಹಾಗಾಗಿ ಅಣ್ಣನಿಗೆ ಹೇಳಿ, ಅವರ ಅರ್ಥ ದರ್ಶನಶಾಸ್ತ್ರದ ಪುಸ್ತಕದಲ್ಲಿ ಸರಿ. ಪುಣ್ಯಸ್ಮರಣೆಯ ಪತ್ರಿಕೆ ಓದುವ ಊರಿನ ಜನ ಆ ಅರ್ಥದಲ್ಲಿ ಓದುವುದಿಲ್ಲ. ಆದರೆ ಅವರ ಮಾತಿನಲ್ಲಿ ಇನ್ನೊಂದು ನೋವಿದೆ. ಅಪ್ಪ ಬದುಕಿದ ದಾರಿಗೆ ಅದರದೇ ಪದಗಳಿವೆ, ಅವನ್ನು ಬಿಟ್ಟು ಹೊರಗಿನ ಪದ ಯಾಕೆ ತಂದಿರಿ ಎಂಬ ನೋವು. ಅದನ್ನು ನಾನೂ ಒಪ್ಪುತ್ತೇನೆ. ಅದಕ್ಕೆ ಮುಂದೆ ಬರುತ್ತೇನೆ.

ಕಾಕಾ ಹೇಳಿದ ‘ಆಸ್ತಿ’ಯ ಮಾತು ನನಗೆ ತುಂಬಾ ಹಿಡಿಸಿತು. ತರಗತಿಯಲ್ಲಿ ಎಷ್ಟೋ ಮಕ್ಕಳು ‘ಆಸ್ತಿಕ ಎಂದರೆ ಆಸ್ತಿ ಉಳ್ಳವನು’ ಎಂದು ಬರೆದಿದ್ದನ್ನು ನೋಡಿದ್ದೇನೆ. ಆ ಅರ್ಥ ತಪ್ಪು. ಕನ್ನಡದಲ್ಲಿ ಆಸ್ತಿಕ ಎಂಬ ಪದ ಹೊಲ ಮನೆ ಇದ್ದವನಿಗೆ ಎಂದೂ ಸಲ್ಲುವುದಿಲ್ಲ. ಆದರೆ ‘ಆಸ್ತಿ’ ಎಂಬ ಪದ ಹುಟ್ಟಿದ್ದೂ ಅದೇ ‘ಅಸ್ತಿ’ಯಿಂದ. ಇರುವುದು ಯಾವುದೋ ಅದು ಆಸ್ತಿ. ನಮ್ಮ ಅಚ್ಚ ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ. ‘ಉಳ್’ ಎಂದರೆ ಇರು. ಅದರಿಂದ ‘ಉಳ್ಳವರು’, ಅಂದರೆ ಹಣವಂತರು. ಈಗಲೂ ‘ಅವರು ಇದ್ದವರ ಮನೆಯವರು’ ಎನ್ನುತ್ತೇವೆ.

‘ಉಳ್ಳವರು’ ಅಂದಕೂಡಲೇ ನಿಮಗೂ ಆ ವಚನ ನೆನಪಾಗಿರುತ್ತದೆ. ‘ಉಳ್ಳವರು ಶಿವಾಲಯವ ಮಾಡುವರು, ನಾನೇನ ಮಾಡಲಿ ಬಡವನಯ್ಯಾ. ಎನ್ನ ಕಾಲೇ ಕಂಬ, ದೇಹವೇ ದೇಗುಲ.’ ಇದನ್ನು ನಿಮ್ಮ ಮಗಳಿಗೆ ತೋರಿಸಿ. ಅವಳ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಮುತ್ಯಾ ಗುಡಿಗೆ ಹೋಗಲಿಲ್ಲ, ಆದ್ದರಿಂದ ನಾಸ್ತಿಕ ಎಂದು ಅವಳು ಲೆಕ್ಕ ಹಾಕಿದಳು. ಇಷ್ಟಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಪೂಜಿಸುವವರಿಗೆ ಗುಡಿ ಬೇಕೇ ಬೇಕು ಎಂದಿಲ್ಲ. ಗುಡಿ ಅವರ ಕೊರಳಲ್ಲೇ ಇರುತ್ತದೆ. ಗುಡಿಗೆ ಹೋಗುವುದು, ಉಪವಾಸ ಮಾಡುವುದು, ಕಾಯಿ ಒಡೆಸುವುದು, ಇವು ಆಚರಣೆ. ಆಸ್ತಿಕ ಎಂಬ ಪದ ಆಚರಣೆಯನ್ನು ಹೇಳುವುದಿಲ್ಲ. ಮನಸ್ಸಿನಲ್ಲಿರುವ ನಂಬಿಕೆಯನ್ನಷ್ಟೇ ಹೇಳುತ್ತದೆ. ದಿನಕ್ಕೆ ಮೂರು ಸಲ ಗುಡಿಗೆ ಹೋಗುವವರನ್ನು ‘ಸಂಪ್ರದಾಯಸ್ಥರು’ ಎನ್ನಿ, ಸರಿಹೋಗುತ್ತದೆ. ಅವರ ಒಳಗೆ ಏನಿದೆ ಎಂದು ಆ ಪದ ಹೇಳುವುದಿಲ್ಲ.

ಮಗಳು ತನ್ನನ್ನು ತಾನು ನಾಸ್ತಿಕಳು ಎಂದುಕೊಂಡಿದ್ದಾಳೆ. ಇದಕ್ಕೆ ಅವ್ವ ಅತ್ತರು ಎಂದು ಬರೆದಿದ್ದೀರಿ. ಇದರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ನಮ್ಮ ಕಡೆ ‘ನಾಸ್ತಿಕ’ ಎಂಬುದು ಬೈಗುಳದ ಹಾಗೆ ಕೇಳಿಸುತ್ತದೆ. ಹಿರಿಯರನ್ನು ಮರೆತವ, ನೀತಿ ಇಲ್ಲದವ ಎಂದೆಲ್ಲ ಅದರ ಹಿಂದೆ ಸೇರಿಕೊಂಡಿದೆ. ಪದದಲ್ಲಿ ಅದು ಯಾವುದೂ ಇಲ್ಲ. ದೇವರಿದ್ದಾನೆ ಎಂಬುದನ್ನು ನಾನು ಒಪ್ಪುವುದಿಲ್ಲ ಎಂದಷ್ಟೇ ಅದರ ಅರ್ಥ. ಹಾಗೆಯೇ ‘ಆಸ್ತಿಕ’ ಎಂಬುದೂ ಒಳ್ಳೆಯತನಕ್ಕೆ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಈ ಬೆರಕೆ ಎಲ್ಲಾ ಭಾಷೆಯಲ್ಲೂ ಆಗುತ್ತದೆ. ಕಲಬುರಗಿಯಲ್ಲಿ ಬಂದೇ ನವಾಜರ ದರ್ಗಾದ ಸುತ್ತ ಆಡುವ ದಖನಿ ಮಾತು ಕೇಳಿ. ‘ಈಮಾನ್’ ಎಂದರೆ ದೇವರ ಮೇಲಿನ ನಂಬಿಕೆ. ಆದರೆ ‘ಇಮಾನ್ದಾರ್’ ಎಂದರೆ ನಂಬಿಗಸ್ತ, ಲೆಕ್ಕದಲ್ಲಿ ಮೋಸ ಮಾಡದವನು. ನಂಬಿಕೆಯ ಪದ ನಿಯತ್ತಿನ ಪದವಾಗಿಬಿಟ್ಟಿದೆ. ದಾಲ್ ಮಿಲ್ಲಿನ ಮುನೀಮನನ್ನು ‘ಭಾಳ ಇಮಾನ್ದಾರ ಮನುಷ್ಯಾ’ ಎಂದು ಹೊಗಳುವಾಗ ಅವನು ಯಾವ ದೇವರಿಗೆ ಕೈ ಮುಗಿಯುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಇದನ್ನು ನಿಮ್ಮ ಅವ್ವನಿಗೆ ಹೇಳಿದರೆ ಅವರಿಗೆ ತಿಳಿಯುತ್ತದೆ. ಮೊಮ್ಮಗಳು ದೇವರ ಬಗ್ಗೆ ತನ್ನ ಮನಸ್ಸು ಹೇಳಿದ್ದಾಳೆ. ಮುತ್ಯಾನ ನಿಯತ್ತು ಅವಳಲ್ಲಿಲ್ಲ ಎಂದು ಅದರ ಅರ್ಥವಲ್ಲ. ಆದರೆ ಮಗಳಿಗೂ ಒಂದು ಮಾತು: ನಿನ್ನ ಪದ ನಿನಗಿರಲಿ, ಮುತ್ಯಾನಿಗೆ ಅದನ್ನು ಹಚ್ಚಬೇಡ. ‘ಶಿವ ಅದಾನ’ ಎನ್ನುತ್ತಿದ್ದವರು ಅವರು.

ಈಗ ಪತ್ರಿಕೆಯ ಮಾತು. ನಿಮ್ಮ ಮುಂದೆ ಮೂರ್ನಾಲ್ಕು ದಾರಿ ಇವೆ.

‘ಆಸ್ತಿಕರು’ ಎಂದೇ ಉಳಿಸಬಹುದು. ಅರ್ಥ ಸರಿ, ಯಾರೂ ತಪ್ಪು ಎನ್ನುವಂತಿಲ್ಲ. ಆದರೆ ಆ ಪದ ತಣ್ಣಗಿದೆ. ಯಾರಿಗೆ ಬೇಕಾದರೂ ಹೊಂದುತ್ತದೆ. ಜೊತೆಗೆ ಓದಿದ ನೆಂಟರಲ್ಲಿ ಯಾರಾದರೂ ಅಣ್ಣನ ಪ್ರಶ್ನೆಯನ್ನೇ ಮತ್ತೆ ಎತ್ತಬಹುದು. ಉಳಿಸುವುದಾದರೆ ‘ಪರಮ’ ತೆಗೆಯಿರಿ. ನಂಬಿಕೆಗೆ ತೂಕ ಹಾಕಿದ ಹಾಗೆ ಆಗುತ್ತದೆ. ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. ಡಿಟಿಪಿ ಮಾಡುವವರು ಎಷ್ಟೋ ಸಲ ಇದನ್ನು ‘ಆಸ್ಥಿಕ’ ಎಂದು ಮಹಾಪ್ರಾಣ ಹಾಕಿ ಅಚ್ಚು ಮಾಡುತ್ತಾರೆ. ಅದು ತಪ್ಪು. ‘ಅಸ್ಥಿ’ ಎಂದರೆ ಮೂಳೆ. ತೀರಿಕೊಂಡವರ ಪತ್ರಿಕೆಯಲ್ಲಿ ಆ ತಪ್ಪು ಕಣ್ಣಿಗೆ ಚುಚ್ಚುತ್ತದೆ. ನನ್ನ ಪರಿಚಯದ ಒಂದು ಮನೆಯಲ್ಲಿ ಹೀಗೇ ಆಯಿತು. ಐನೂರು ಪತ್ರಿಕೆ ಅಚ್ಚಾಗಿ ಬಂದ ಮೇಲೆ ಗೊತ್ತಾಯಿತು. ಮಗ ರಾತ್ರಿ ಬ್ಲೇಡ್ ಹಿಡಿದು ಒಂದೊಂದೇ ಒತ್ತಕ್ಷರ ಕೆರೆಯುತ್ತಾ ಕೂತಿದ್ದ. ಹಳದಿ ಕಾರ್ಡು, ಕೆರೆದ ಕಡೆಯೆಲ್ಲ ಬಿಳಿ ಮಚ್ಚೆ. ತಂದೆಯ ಹೆಸರಿನ ಪಕ್ಕದಲ್ಲೇ ಆ ಮಚ್ಚೆ. ಅವನ ಮುಖ ನನಗೆ ಇನ್ನೂ ಮರೆತಿಲ್ಲ.

‘ದೈವಭಕ್ತರು’ ಎಂದು ಬರೆಯಬಹುದು. ಇದರಲ್ಲಿ ಪ್ರೀತಿ ಇದೆ. ನಂಬುವುದು ಬೇರೆ, ಭಕ್ತಿ ಬೇರೆ ಅಲ್ವಾ? ದೇವರಿದ್ದಾನೆ ಎಂದು ಒಪ್ಪಿಯೂ ಅವನ ಗೊಡವೆಗೆ ಹೋಗದವರು ಬೇಕಾದಷ್ಟು ಜನ ಇದ್ದಾರೆ. ಅವರೂ ಆಸ್ತಿಕರೇ, ಆದರೆ ಭಕ್ತರಲ್ಲ. ನಮ್ಮ ಕಡೆಯ ಜಾತ್ರೆಯ ಕರಪತ್ರ ನೆನಪು ಮಾಡಿಕೊಳ್ಳಿ. ‘ಸಕಲ ಸದ್ಭಕ್ತರು ತನು ಮನ ಧನದಿಂದ ಸೇವೆ ಸಲ್ಲಿಸಿ’ ಎಂದಿರುತ್ತದೆ. ‘ಸಕಲ ಆಸ್ತಿಕರು’ ಎಂದು ನಮ್ಮೂರ ತೇರಿನ ಕರಪತ್ರದಲ್ಲಿ ನಾನು ನೋಡಿಲ್ಲ. ಆಸ್ತಿಕ ಪುಸ್ತಕದ ಪದ, ಭಕ್ತ ಬೀದಿಯ ಪದ. ‘ದೈವಭಕ್ತ’ದಲ್ಲಿ ಒಂದೇ ತೊಡಕು. ಓದಿದವರ ಕಣ್ಣಿಗೆ ಗುಡಿ, ಹರಕೆ, ಹಣ್ಣುಕಾಯಿ ಬರುತ್ತದೆ. ನಿಮ್ಮ ಅಪ್ಪ ಹಾಗಿರಲಿಲ್ಲ.

‘ಶರಣಜೀವಿ’, ‘ಕಾಯಕಜೀವಿ’, ‘ಲಿಂಗನಿಷ್ಠರು’ ಇವು ಅಣ್ಣನಿಗೆ ಒಪ್ಪಿಗೆಯಾಗುವ ಪದಗಳು. ಅಪ್ಪನ ದಾರಿಯೊಳಗಿನಿಂದಲೇ ಬಂದವು. ನನಗಂತೂ ‘ಲಿಂಗನಿಷ್ಠರು’ ತುಂಬಾ ಸರಿ ಅನ್ನಿಸುತ್ತದೆ. ದಿನಾ ಬೆಳಿಗ್ಗೆ ತಪ್ಪದೆ ಪೂಜೆ ಮಾಡಿದ್ದನ್ನು ಅದು ನೇರವಾಗಿ ಹೇಳುತ್ತದೆ. ‘ಶರಣಜೀವಿ’ ಎಲ್ಲಾ ಪತ್ರಿಕೆಯಲ್ಲೂ ಬಂದು ಬಂದು ಸವೆದಿದೆ. ಈ ಪದಗಳ ಒಂದು ಮಿತಿ ಎಂದರೆ, ಬೇರೆ ಸಮಾಜದ ಗೆಳೆಯರು ಪತ್ರಿಕೆ ಓದಿದಾಗ ಪೂರ್ತಿ ತಿಳಿಯದೇ ಹೋಗಬಹುದು. ಅಪ್ಪನ ಜೊತೆ ಹೊಲದಲ್ಲಿ ದುಡಿದವರಲ್ಲಿ ಎಲ್ಲರೂ ಇರುತ್ತಾರಲ್ಲ.

‘ಧರ್ಮಭೀರು’ ಎಂದು ಯಾರಾದರೂ ಸಲಹೆ ಕೊಟ್ಟರೆ ಬೇಡ ಎನ್ನಿ. ಅಧರ್ಮಕ್ಕೆ ಹೆದರುವವನು ಎಂಬ ಒಳ್ಳೆಯ ಅರ್ಥವೇ ಅದಕ್ಕಿದೆ. ಆದರೆ ಓದುವಾಗ ‘ಹೆದರುಪುಕ್ಕ’ ಎಂಬ ನೆರಳು ಬೀಳುತ್ತದೆ. ‘ಕರ್ಮಠ’ವಂತೂ ಬೇಡವೇ ಬೇಡ. ಶ್ರದ್ಧೆಯಿಂದ ಕರ್ಮ ಮಾಡುವವನು ಎಂಬುದು ಅದರ ಮೊದಲಿನ ಅರ್ಥ. ಈಗ ಅದು ಹಟಮಾರಿ ಮಡಿವಂತನಿಗೆ ಹೇಳುವ ಪದ.

ಇನ್ನೊಂದು ದಾರಿ ಇದೆ. ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ. ಈ ಗುಣವಾಚಕಗಳನ್ನೆಲ್ಲ ಬದಿಗಿಟ್ಟು, ಅಪ್ಪ ಆಡಿದ ಮಾತನ್ನೇ ಬರೆಯಿರಿ. ಮೊದಲಿಗೆ ಹೇಳಿದೆನಲ್ಲ, ‘ಅಸ್ತಿ’ ಎಂದರೆ ‘ಅದ’, ‘ಅದಾನ’. ನಿಮ್ಮ ಅಪ್ಪ ಪಾಣಿನಿಯ ಸೂತ್ರ ಓದಿರಲಿಕ್ಕಿಲ್ಲ. ಆದರೆ ‘ಶಿವ ಅದಾನ’ ಎಂದಾಗಲೆಲ್ಲ ಆಸ್ತಿಕ ಪದದ ಒಳಗಿನ ಮಾತನ್ನೇ ಆಡುತ್ತಿದ್ದರು. ಕಲಬುರಗಿಯ ಕನ್ನಡದಲ್ಲಿ, ಹುಳ ಬಿದ್ದ ತೊಗರಿ ಹೊಲದ ಬದುವಿನ ಮೇಲೆ ನಿಂತು. ಎಲ್ಲಾ ನಸೀಬ ಎಂದು ಕೈಚೆಲ್ಲುವವರ ಮಾತು ಅದಲ್ಲ. ಹಾಗೆ ಹೇಳಿ ಅವರು ಮತ್ತೆ ಬಿತ್ತಿದ್ದಾರೆ, ನಿಮ್ಮನ್ನು ಓದಿಸಿದ್ದಾರೆ.

ಹೀಗೆ ಬರೆದರೆ ಹೇಗೆ ನೋಡಿ: ‘ದಿನವೂ ತಪ್ಪದೆ ಲಿಂಗಪೂಜೆ ಮಾಡಿ, ಮೂರು ಎಕರೆ ಹೊಲದಲ್ಲಿ ದುಡಿದು, ಎಂಥ ಕಷ್ಟದಲ್ಲೂ ‘ಶಿವ ಅದಾನ’ ಎನ್ನುತ್ತಾ ನಮ್ಮನ್ನು ಬೆಳೆಸಿದ ನಮ್ಮ ಅಪ್ಪ.’ ಅಣ್ಣನಿಗೆ ಇದರಲ್ಲಿ ತಕರಾರಿನ ಪದ ಸಿಗುವುದಿಲ್ಲ. ಕಾಕಾನ ಮೂರು ಎಕರೆಯೂ ಬಂತು. ಮಗಳು ಕಂಡ ಮುತ್ಯಾನೂ ಇದ್ದಾರೆ, ಗುಡಿಯ ಮಾತೇ ಇಲ್ಲ. ಇದರ ಒಂದು ತೊಂದರೆ ಎಂದರೆ, ಪತ್ರಿಕೆಯ ಭಾಷೆ ಗಂಭೀರವಾಗಿರಬೇಕು, ‘ಅದಾನ’ ಎಂಬ ಆಡುಮಾತು ಯಾಕೆ ಎಂದು ಒಬ್ಬಿಬ್ಬರು ಕೇಳಬಹುದು. ‘ಇದ್ದಾನೆ’ ಎಂದು ತಿದ್ದಬೇಡಿ. ಡಿಟಿಪಿಯವರಿಗೂ ಮೊದಲೇ ಹೇಳಿಡಿ, ಇಲ್ಲವಾದರೆ ಅವರೇ ತಪ್ಪು ಅಂದುಕೊಂಡು ತಿದ್ದಿಬಿಡುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಕಾಗದದ ಮೇಲೆ ಪ್ರೂಫ್ ತೆಗೆಸಿಕೊಳ್ಳಿ. ಮೊಬೈಲಿನಲ್ಲಿ ನೋಡಿ ‘ಓಕೆ’ ಕಳಿಸಬೇಡಿ, ಒತ್ತಕ್ಷರದ ತಪ್ಪು ಅಲ್ಲಿ ಕಾಣುವುದಿಲ್ಲ. ಪ್ರೂಫ್ ಕೈಗೆ ಬಂದ ಮೇಲೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೋರಾಗಿ ಓದಿ. ಓದುವ ಕೆಲಸವನ್ನು ಮಗಳಿಗೇ ಕೊಡಿ.